60 ಮಿ.ಮೀ. ದಪ್ಪದ ಒಂದೇ ರೇಡಿಯೇಟರ್ ಬೇಡ, 30ರದ್ದು ಎರಡು ಹಾಕಿ

ಕಂಪ್ಯೂಟರನ್ನು ನೀರು ಹರಿಸಿ ತಂಪಾಗಿಡಲು, ರೈಜನ್ 7800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ 60 ಮಿ.ಮೀ. ದಪ್ಪದ ಒಂದು 360 ರೇಡಿಯೇಟರ್ (120 ಮಿ.ಮೀ.ನ ಮೂರು ಫ್ಯಾನ್ ಕೂರುವಂಥದ್ದು) ಸಾಕಾ ಅಂತ ಕೇಳಿದ್ದೀರಿ. ನಡೆಯುತ್ತೆ, ಆದರೆ ಫ್ಯಾನ್ ಸದ್ದು ಜೋರಾಗಿರುತ್ತೆ. ಪ್ರೊಸೆಸರ್ 120 ವಾಟ್, ಕಾರ್ಡ್ 320 ವಾಟ್. ಆಟದ ವೇಳೆ ಬಹುಪಾಲು ಬಿಸಿ ಕಾರ್ಡಿನದ್ದೇ. ದಪ್ಪ ಹೆಚ್ಚಿದಂತೆ ಗಾಳಿ ಒಳಗೇ ಬಿಸಿಯಾಗಿ, ರೇಡಿಯೇಟರ್ ಹಿಂಬದಿಯ ತೆಳು ಲೋಹದ ರೆಕ್ಕೆಗಳು ಶಾಖ ಬಿಡುವುದು ಕಡಿಮೆ. ಅದರ ಬದಲು 30 ಮಿ.ಮೀ.ನ 360 ಎರಡು ಹಾಕಿ, ಮೇಲೊಂದು ಮುಂದೊಂದು. ಫ್ಯಾನ್ 25 ಸೇರಿ 55 ಮಿ.ಮೀ. ಜಾಗ ಬೇಕು, ಮೇಲ್ಗಡೆ ರ‍್ಯಾಮ್ ತಾಗುತ್ತಾ ಅಂತ ಮೊದಲು ಅಳೆಯಿರಿ.

ಫ್ಯಾನ್ ಆರಿಸುವಾಗ ಬರೀ ಗಾಳಿಯ ಪ್ರಮಾಣ ನೋಡಬೇಡಿ, ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಡ್ಡಿಯಿದ್ದರೂ ಗಾಳಿ ತಳ್ಳುವ ಬಲ, ಮುಖ್ಯ. ವೇಗ ಹೆಚ್ಚು-ಕಡಿಮೆ ಮಾಡಬಲ್ಲ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನ್ ಇರಲಿ. ವೇಗವನ್ನು ಪ್ರೊಸೆಸರ್ ತಾಪಕ್ಕಲ್ಲ, ನೀರಿನ ತಾಪಕ್ಕೆ ತಕ್ಕಂತೆ ಹೊಂದಿಸಿ. ಇಲ್ಲದಿದ್ದರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಕಿರುಚುತ್ತೆ.

ಇದನ್ನು ಮಾತ್ರ ಮರೆಯಬೇಡಿ: ರೇಡಿಯೇಟರ್ ಜೊತೆ ಬಂದ ಸ್ಕ್ರೂಗಳನ್ನೇ ಬಳಸಿ. ಉದ್ದದ್ದು ಹಾಕಿದರೆ ಒಳಗಿನ ಕೊಳವೆ ತೂತಾಗಿ ಇಡೀ ರೇಡಿಯೇಟರ್ ಹಾಳು. ಪ್ರೊಸೆಸರ್, ಕಾರ್ಡ್ ಮೇಲೆ ಕೂರುವ ವಾಟರ್ ಬ್ಲಾಕ್ ತಾಮ್ರದ್ದಾದರೆ ಅಲ್ಯೂಮಿನಿಯಂ ರೇಡಿಯೇಟರ್ ಬೇಡವೇ ಬೇಡ, ತುಕ್ಕು ಹಿಡಿಯುತ್ತೆ. ಜೋಡಿಸುವ ಮುನ್ನ ರೇಡಿಯೇಟರ್ ಒಳಗೆ ಡಿಸ್ಟಿಲ್ಡ್ ನೀರು ತುಂಬಿ ಕುಲುಕಿ, ಕಸ ಬರುವುದು ನಿಲ್ಲುವವರೆಗೂ ಚೆಲ್ಲಿ.