ಪೆರ್ಲದ ಬರೆ ಜರಿದರೆ ಜಿನೀವಾಕ್ಕೆ ದೂರು ಕೊಡಬಹುದೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡೆಯನ್ನು ಕಳೆದ ಬೇಸಗೆಯಲ್ಲಿ ಜೆಸಿಬಿ ತಂದು ಕಡಿದು, ಮಣ್ಣನ್ನು ಲಾರಿಯಲ್ಲಿ ಸಾಗಿಸಿದರು. ಜೂನ್‌ನ ಮೊದಲ ಮಳೆಗೇ ಬರೆ (ಗುಡ್ಡೆಯ ಕಡಿದಾದ ಮಣ್ಣಿನ ಮಗ್ಗುಲು) ಜರಿದು ತೋಡಿನಲ್ಲಿ ಕೆಂಪುನೀರು ಹರಿಯಿತು. ಓಝೋನ್ ಪದರಕ್ಕೆ, ಸಮುದ್ರಕ್ಕೆಲ್ಲ ಅಂತರರಾಷ್ಟ್ರೀಯ ಒಪ್ಪಂದಗಳಿವೆಯಂತೆ. ಮಣ್ಣಿಗೆ ಇಲ್ಲವೆ? ಇದ್ದರೆ ನಮ್ಮ ಸರಕಾರ ಅದನ್ನು ಪಾಲಿಸಬೇಡವೆ?
– ಓದುಗರೊಬ್ಬರು, ಪೆರ್ಲ (ಕಾಸರಗೋಡು ಜಿಲ್ಲೆ)

ಉತ್ತರ: ಮಣ್ಣಿಗೆಂದೇ ಎಲ್ಲ ದೇಶಗಳೂ ಸೇರಿ ಮಾಡಿಕೊಂಡ ಒಪ್ಪಂದವಿಲ್ಲ. ಆಲ್ಪ್ಸ್ ಪರ್ವತದ ಸುತ್ತಲಿನ ದೇಶಗಳು 1998ರಲ್ಲಿ ತಮ್ಮ ಮಟ್ಟಿಗೆ ಒಂದು ಮಣ್ಣು ರಕ್ಷಣಾ ಪ್ರೋಟೋಕಾಲ್ ರಚಿಸಿಕೊಂಡವು. ನಮಗೆ ಅನ್ವಯಿಸುವುದರಲ್ಲಿ ಹತ್ತಿರದ್ದು 1994ರ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದ. ಭಾರತ ಅದನ್ನು 1996ರಲ್ಲಿ ಅನುಮೋದಿಸಿದೆ. ಅದರ ವ್ಯಾಖ್ಯೆ ಓದಿ ನನಗೆ ನಗು ಬಂತು. ಮರುಭೂಮೀಕರಣವೆಂದರೆ ಒಣ ಮತ್ತು ಅರೆ ಒಣ ಸೀಮೆಗಳಲ್ಲಿ ನೆಲ ಹಾಳಾಗುವುದಂತೆ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನ ಗುಡ್ಡೆ ಇಡಿಯಾಗಿ ಕೊಚ್ಚಿಹೋಗಿ ಅರಬ್ಬಿ ಸಮುದ್ರ ಸೇರಿದರೂ ಆ ಲೆಕ್ಕಕ್ಕೆ ಬರುವುದಿಲ್ಲ. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳು ನೆಲವನ್ನು ಸರಿಪಡಿಸುತ್ತೇವೆಂದು ನಮ್ಮ ಪ್ರಧಾನಿ 2019ರ ಗ್ರೇಟರ್ ನೋಯ್ಡಾ ಸಮ್ಮೇಳನದಲ್ಲಿ ಘೋಷಿಸಿದ್ದು ನಿಜ. ಅದು ಗುರಿ, ಕಾನೂನಲ್ಲ.

ಹಾಗೆಂದು ಅಂತರರಾಷ್ಟ್ರೀಯ ಕಾನೂನು ನಮ್ಮ ನೆಲವನ್ನು ಮುಟ್ಟಿಯೇ ಇಲ್ಲ ಎನ್ನಲಾರೆ. ನಾನು ಹುಡುಗನಾಗಿದ್ದಾಗ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟನಾಶಕ ಮದ್ದು ಬಿಡುವ ದಿನ ಅಮ್ಮ ಬಾವಿಗೆ ತೆಂಗಿನ ಮಡಲು ಮುಚ್ಚಿ, ಮೇಲೆ ಅಡಿಕೆ ಹಾಳೆ ಹರಡಿ, ಗಾಳಿಗೆ ಹಾರದಂತೆ ಕಲ್ಲು ಹೇರುತ್ತಿದ್ದರು. ಅವರು ಬೈದರೂ ಕೇಳದೆ ನಾವು ಹೆಲಿಕಾಪ್ಟರ್ ನೋಡಲು ಗುಡ್ಡೆ ಹತ್ತುತ್ತಿದ್ದೆವು. ಜನರು ಎದ್ದು ನಿಂತು, ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2000ದ ಕೊನೆಗೆ ಆ ಎಂಡೋಸಲ್ಫಾನ್ ಸಿಂಪಡಣೆ ನಿಂತಿತು. ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಆ ವಿಷ ಸೇರಿದ್ದು 2011ರ ಏಪ್ರಿಲ್‌ನಲ್ಲಿ, ಜಿನೀವಾದಲ್ಲಿ. ಭಾರತ ಮೊದಲು ವಿರೋಧಿಸಿ, ಕೊನೆಗೆ ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ನಿಮ್ಮ ಪೆರ್ಲ ಇರುವ ಎಣ್ಮಕಜೆ ಪಂಚಾಯತಿನವರಿಗೆ ಹತ್ತು ವರ್ಷ ಮೊದಲೇ ಗೊತ್ತಿದ್ದದ್ದನ್ನು ಜಿನೀವಾ ಆಮೇಲೆ ಒಪ್ಪಿಕೊಂಡಿತು ಅಷ್ಟೆ.

ಈಗ ನಿಮ್ಮ ಬರೆಯ ವಿಷಯ. ಕೇರಳದ 2015ರ ಉಪಖನಿಜ ನಿಯಮಗಳಲ್ಲಿ ಸಾಧಾರಣ ಮಣ್ಣೂ ಖನಿಜವೇ. ಕಡಿದು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಅನುಮತಿ ಇತ್ತೇ, ಎಷ್ಟು ಲೋಡಿಗೆ ಇತ್ತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ದೂರನ್ನು ಕನ್ನಡದಲ್ಲೇ ಬರೆಯಿರಿ. "ಮಲಯಾಳದಲ್ಲಿ ಬರೆದು ತನ್ನಿ" ಎಂದು ಒಂದು ಕಚೇರಿಯಲ್ಲಿ ನನ್ನನ್ನು ಹಿಂದೆ ಕಳುಹಿಸಿದ್ದರು. ಮಾರನೆಯ ದಿನ ಅದೇ ಅರ್ಜಿಯ ತಲೆಗೆ "ಸಂವಿಧಾನದ 350ನೇ ವಿಧಿಯಂತೆ" ಎಂದು ಸೇರಿಸಿ ಕೊಟ್ಟೆ, ಮಾತಾಡದೆ ಸೀಲು ಒತ್ತಿದರು. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಕೊಡಬಹುದೆನ್ನುವ ವಿಧಿ ಅದು. ಉತ್ತರ ಬರುವವರೆಗೆ ಬರೆಯ ಅಂಚಿಗೆ ಒತ್ತಾಗಿ ಲಾವಂಚ ನೆಡಿ. ಅದರ ಬೇರು ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ.

ಪ್ರಶ್ನೆ: ವಿಶ್ವ ಮಣ್ಣು ದಿನ ಡಿಸೆಂಬರ್ 5ರಂದೇ ಏಕೆ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಅದು ಥಾಯ್ಲೆಂಡಿನ ದೊರೆಯಾಗಿದ್ದ ಭೂಮಿಬೋಲರ ಹುಟ್ಟುಹಬ್ಬ. ವಿಶ್ವಸಂಸ್ಥೆ 2014ರಿಂದ ಅಧಿಕೃತವಾಗಿ ಆಚರಿಸುತ್ತಿದೆ. ಆ ಹೆಸರು ನಮ್ಮ "ಭೂಮಿ", "ಬಲ" ಎರಡೂ ಸೇರಿ ಆದದ್ದು, ಪರೀಕ್ಷೆಯಲ್ಲಿ ಮರೆಯುವುದಿಲ್ಲ.