ಸಂಪಾದಕರ ಉತ್ತರ: ‘ನಾನು ವ್ಯಾಂಪೈರ್ ಅಂತ ಗೊತ್ತಾಗಿದೆ, ಈಗೇನು ಮಾಡಲಿ?’

ಪ್ರಿಯ ಓದುಗರೇ,

ನಿಮ್ಮ ಆರು ಪುಟದ ಪತ್ರ ಕೈಸೇರಿತು. ಕಪ್ಪು ಶಾಯಿ, ದುಂಡು ಅಕ್ಷರ, ಎಲ್ಲೂ ಒಂದು ಚಿತ್ತಿಲ್ಲ. ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಪೂರ್ತಿ ಅಚ್ಚು ಮಾಡಲು ಜಾಗ ಸಾಲದು. ಬೇರೆ ಓದುಗರಿಗೆ ತಲೆಬುಡ ಗೊತ್ತಾಗಲಿ ಎಂದು ಸಾರ ಹೇಳಿಬಿಡುತ್ತೇನೆ.

ನಿಮಗೆ 23 ವರ್ಷ. ಹದಿನೈದರಲ್ಲಿ ರಕ್ತ ಹೀರುವ ವ್ಯಾಂಪೈರ್‌ನ ಕಾದಂಬರಿಯೊಂದನ್ನು ಓದಿದಾಗ ‘ಇದು ನನ್ನದೇ ಕತೆ’ ಅನ್ನಿಸಿತು. ಆಮೇಲೆ ಗಾಥ್ ಎಂಬ ಕತ್ತಲ ಛಾಯೆಯ ರಾಕ್ ಸಂಗೀತ ಹಿಡಿಯಿತು. ಅಲ್ಲಿಂದ ಧ್ಯಾನ, ಶಕ್ತಿಯ ಅಭ್ಯಾಸ, ಗುಪ್ತವಿದ್ಯೆಯ ಪುಸ್ತಕಗಳು. ಕಳೆದ ವರ್ಷ ಒಂದು ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ಕನ್ನಡಿ ಎದುರು ಕೂತಿರಿ. ಸ್ವಲ್ಪ ಹೊತ್ತಿಗೆ ಕೆನ್ನೆ ಒಳಗೆ ಹೋಯಿತು, ಕಣ್ಣು ಕಪ್ಪು ಗುಳಿಯಾಯಿತು, ಯಾರೋ ಬೇರೆಯವರು ನಿಮ್ಮನ್ನೇ ನೋಡುತ್ತಿದ್ದರು. ಅವತ್ತೇ ಎಲ್ಲ ಖಚಿತವಾಯಿತು. ಬಿಸಿಲು ಆಗುವುದಿಲ್ಲ. ಹಗಲೆಲ್ಲ ಸುಸ್ತು. ಜನ ಸೇರಿದ ಕಡೆ ಬಾಡಿಹೋಗುತ್ತೀರಿ. ಆದರೆ ಒಬ್ಬ ಗೆಳತಿಯ ಜೊತೆ ಒಂದು ಗಂಟೆ ಕೂತರೆ ಜೀವ ಬರುತ್ತದೆ, ಅವಳ ಶಕ್ತಿ ನಿಮ್ಮೊಳಗೆ ಇಳಿಯುವುದು ಗೊತ್ತಾಗುತ್ತದೆ. ನಿಮ್ಮ ಪ್ರಶ್ನೆ ಮೂರು. ಇದು ನಿಜವಾ, ಹುಚ್ಚಾ? ಮನೆಯಲ್ಲಿ ಹೇಳಲಾ? ಒಮ್ಮೆ ರಕ್ತದ ರುಚಿ ನೋಡಬೇಕು ಅನ್ನಿಸುತ್ತಿದೆ, ನೋಡಲಾ?

ಕೊನೆಯದಕ್ಕೆ ಮೊದಲು ಉತ್ತರ. ಬೇಡ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ರಕ್ತದ ಮೂಲಕ ಹರಡುತ್ತವೆ. ನೋಡಲು ಗಟ್ಟಿಮುಟ್ಟಾಗಿ ಇರುವವರಲ್ಲೂ ಇರುತ್ತವೆ. ‘ನನ್ನದೇ ರಕ್ತ ಆದರೆ?’ ಅಂತ ಕೇಳುತ್ತೀರಿ, ಗೊತ್ತು. ಅದಕ್ಕೂ ಬೇಡ. ಮೈಮೇಲೆ ಬ್ಲೇಡು ಇಡುವುದು ಒಂದೇ ಸಲಕ್ಕೆ ನಿಲ್ಲುವ ಅಭ್ಯಾಸವಲ್ಲ. ರಕ್ತವನ್ನಷ್ಟೇ ಕುಡಿದು ಬದುಕುವ ಸಸ್ತನಿಗಳು ಇಡೀ ಜಗತ್ತಿನಲ್ಲಿ ಮೂರೇ ಜಾತಿ. ಮೂರೂ ಬಾವಲಿಗಳು. ಮೆಕ್ಸಿಕೋದಿಂದ ಕೆಳಗೆ ದಕ್ಷಿಣ ಅಮೆರಿಕದವರೆಗೆ ಇವೆ, ಬೇರೆಲ್ಲೂ ಇಲ್ಲ. ಅವುಗಳ ಹಲ್ಲು, ಜೊಲ್ಲು, ಹೊಟ್ಟೆ ಎಲ್ಲವೂ ಆ ಒಂದು ಊಟಕ್ಕೆಂದೇ ಒಗ್ಗಿವೆ. ನಮ್ಮದು ಒಗ್ಗಿಲ್ಲ. ಈ ಬಾವಲಿಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ನೆನಪಿಟ್ಟುಕೊಂಡಿರಿ.

ಈಗ ಆ ಕನ್ನಡಿ.

2010ರಲ್ಲಿ ಇಟಲಿಯ ಮನೋವಿಜ್ಞಾನಿ ಜೊವಾನ್ನಿ ಕಪುಟೊ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಮಬ್ಬು ಬೆಳಕಿನ ಕೋಣೆ, ಒಂದು ಕನ್ನಡಿ, ಹತ್ತು ನಿಮಿಷ. ಕೂತವರು 50 ಜನ. ಸುಮ್ನೆ ತಮ್ಮ ಮುಖ ನೋಡಬೇಕು, ಅಷ್ಟೇ. ಅವರಲ್ಲಿ 66 ಶೇಕಡ ಮಂದಿಗೆ ಸ್ವಂತ ಮುಖ ವಿಪರೀತ ವಿಕಾರವಾಗಿ ಕಂಡಿತು. ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಾಕ್ಷಸನಂಥ, ಈ ಲೋಕದ್ದಲ್ಲದ ಮುಖ ಕಂಡಿತು. ಕೆಲವರಿಗೆ ತಂದೆಯೋ ತಾಯಿಯೋ ಕಂಡರು.

ಓದಿದವನು ಸುಮ್ಮನಿರಲಿಲ್ಲ. ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬಚ್ಚಲುಮನೆ ಕನ್ನಡಿ ಎದುರು ಸ್ಟೂಲು ಹಾಕಿಕೊಂಡು ಕೂತೆ. ದೀಪ ಬಾಗಿಲ ಹೊರಗೆ. ಮೊದಲು ಮೂಗು ಮಾಯವಾಯಿತು. ಆಮೇಲೆ ಹಣೆ ಒಂದು ಕಡೆಗೆ ಸರಿದಂತಾಯಿತು. ಕೊನೆಗೆ ದವಡೆ ಅಗಲವಾಗಿ, ತೀರಿಕೊಂಡ ನನ್ನ ತಾತ ಬಂದು ಕೂತುಬಿಟ್ಟರು. ಎದೆ ಝಲ್ಲೆಂದಿತು. ನಾನಂತೂ ವ್ಯಾಂಪೈರ್ ಅಲ್ಲ. ಲೇಖಕರ ರಕ್ತ ಹೀರುತ್ತೇನೆ ಅಂತ ಕೆಲವರು ಹೇಳುವುದುಂಟು, ಅದು ಬೇರೆ ಮಾತು.

ನಿಮಗೆ ಕಂಡಿದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕಂಡಿದ್ದು ಕಂಡಿದ್ದೇ. ಆದರೆ ಕನ್ನಡಿ ನಿಮಗೆ ತೋರಿಸಿದ್ದು ಬರೀ ಒಂದು ಬದಲಾದ ಮುಖ. ‘ವ್ಯಾಂಪೈರ್’ ಎಂಬ ಹೆಸರು ಕನ್ನಡಿಯಿಂದ ಬರಲಿಲ್ಲ, ಏಳೆಂಟು ವರ್ಷದ ಓದಿನಿಂದ ಬಂತು. ನಾನು ಬೇರೇನೋ ಓದಿಕೊಂಡು ಬೆಳೆದವನು, ಹಾಗಾಗಿ ನನಗೆ ತಾತ ಬಂದರು. ಇನ್ನೊಂದು ತಮಾಷೆ ನೋಡಿ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ವ್ಯಾಂಪೈರ್ ಗುರುತು ಸಿಗುವುದೇ ಅವನು ಕನ್ನಡಿಯಲ್ಲಿ ಕಾಣದೆ ಇರುವುದರಿಂದ! ಗಡ್ಡ ಹೆರೆಯುವ ಸಣ್ಣ ಕನ್ನಡಿಯಲ್ಲಿ ಇಡೀ ಕೋಣೆ ಕಾಣುತ್ತದೆ, ಹಿಂದೆ ನಿಂತ ಕೌಂಟ್ ಡ್ರಾಕುಲಾ ಮಾತ್ರ ಕಾಣುವುದಿಲ್ಲ. ಬಿಸಿಲಿನ ಕತೆಯೂ ಹೀಗೇ. ಆ ಕಾದಂಬರಿಯ ಕೌಂಟ್ ಹಗಲು ಹೊತ್ತಿನಲ್ಲಿ ಲಂಡನ್ನಿನಲ್ಲಿ ಓಡಾಡುತ್ತಾನೆ. ಬಿಸಿಲು ಬಿದ್ದರೆ ವ್ಯಾಂಪೈರ್ ಕರಗಿ ಹೋಗುತ್ತಾನೆ ಎಂದು ತೋರಿಸಿದ್ದು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿ ಚಿತ್ರ. ನೀವು ಪಟ್ಟಿ ಮಾಡಿದ ಲಕ್ಷಣಗಳಲ್ಲಿ ಕೆಲವು ಸಿನಿಮಾದವರ ಕೊಡುಗೆ.

ಹಾಗಾದರೆ ಎಲ್ಲವೂ ಪುಸ್ತಕದ ಬದನೆಕಾಯಿಯಾ? ಅಷ್ಟು ಸುಲಭದಲ್ಲಿ ಮುಗಿಸಲು ನನಗೆ ಇಷ್ಟವಿಲ್ಲ.

‘ರಕ್ತಪಿಶಾಚಿ ಎಂಬ ಪದ ನನಗೆ ಒಗ್ಗುವುದಿಲ್ಲ, ನಾನು ವೈ ಅಕ್ಷರದ ವ್ಯಾಂಪೈರ್’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಬರೆದರೆ ಐ ಆದರೂ ವೈ ಆದರೂ ಒಂದೇ, ಅಲ್ವಾ? ಇಂಗ್ಲಿಷಿನಲ್ಲಿ ಕತೆಯ ಪ್ರಾಣಿಯನ್ನು ಐ ಹಾಕಿ (vampire) ಬರೆಯುತ್ತಾರೆ. ಇದನ್ನು ತಮ್ಮ ಆಧ್ಯಾತ್ಮಿಕ ಗುರುತು ಎಂದುಕೊಂಡ ಹಲವರು ಬೇಕೆಂದೇ ವೈ (vampyre) ಹಾಕಿಕೊಳ್ಳುತ್ತಾರೆ. ಆ ವೈ ಹಳೆಯ ಕಾಗುಣಿತ. 1819ರಲ್ಲಿ ಅಚ್ಚಾದ ಜಾನ್ ಪೊಲಿಡೊರಿಯ ಕತೆಯ ಹೆಸರಿನಲ್ಲೂ ಅದೇ ಇದೆ. ಈ ಪೊಲಿಡೊರಿಯ ಬಗ್ಗೆ ಸ್ವಲ್ಪ ಹೇಳಬೇಕು. 1816ರಲ್ಲಿ ಇಪ್ಪತ್ತು ವರ್ಷದ ಹುಡುಗ. ಕವಿ ಬೈರನ್‌ಗೆ ಖಾಸಗಿ ವೈದ್ಯ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರು ದೆವ್ವದ ಕತೆ ಕಟ್ಟುತ್ತಾ ಕೂತರು. ಬೈರನ್ ಅರ್ಧಕ್ಕೆ ಬಿಟ್ಟ ಒಂದು ತುಣುಕನ್ನು ಎತ್ತಿಕೊಂಡು ಪೊಲಿಡೊರಿ ತನ್ನ ಕತೆ ಬರೆದ. ಅದರ ವ್ಯಾಂಪೈರ್ ಲಾರ್ಡ್ ರುತ್ವೆನ್ ಅಂದವಾದವನು, ದೊಡ್ಡ ಮನೆತನದವನು, ಹತ್ತಿರ ಬಂದವರನ್ನೆಲ್ಲ ಬರಿದು ಮಾಡುವವನು. ಬೈರನ್‌ನನ್ನೇ ನೋಡಿ ಬರೆದ ಅಂತ ಓದಿದವರಿಗೆ ಗೊತ್ತಾಗುತ್ತಿತ್ತು. ಕತೆ ಅಚ್ಚಾಗಿದ್ದು ಬೈರನ್ ಹೆಸರಿನಲ್ಲಿ! ಪಾಪ, ಬರೆದಿದ್ದೂ ಆ ದೊಡ್ಡ ಮನುಷ್ಯನ ಲೆಕ್ಕಕ್ಕೇ ಹೋಯಿತು. ಪೊಲಿಡೊರಿ 25 ತುಂಬಿ 26ಕ್ಕೆ ಕಾಲಿಡುವ ಮೊದಲೇ ತೀರಿಕೊಂಡ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ನಿಮ್ಮ ವೈ ಅಕ್ಷರದ ಈ ಕತೆ ಬಂದಿದ್ದು ಹೀರಿಸಿಕೊಂಡವನ ಲೇಖನಿಯಿಂದ, ಹೀರಿದವನಿಂದ ಅಲ್ಲ.

ಅದಕ್ಕೂ ಹಿಂದೆ ಹೋದರೆ ಇನ್ನೂ ಸ್ಪಷ್ಟ. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಹಳ್ಳಿಯಲ್ಲಿ ಪೇಟರ್ ಬ್ಲಾಗೊಯೆವಿಚ್ ಎಂಬ ರೈತ ಸತ್ತ. ಆಮೇಲೆ ಎಂಟು ದಿನದಲ್ಲಿ ಒಂಬತ್ತು ಸಾವಾಯಿತು. ಊರವರು ಗೋರಿ ಅಗೆದರು. ಬಾಯಲ್ಲಿ ರಕ್ತ ಕಂಡಿತು, ಎದೆಗೆ ಗೂಟ ಹೊಡೆದು ಸುಟ್ಟರು. ಹೆಣ ಕೊಳೆಯುವಾಗ ಹೊಟ್ಟೆಯಲ್ಲಿ ಗಾಳಿ ತುಂಬಿ ಕೆಂಪು ನೀರು ಬಾಯಿಗೆ ಬರುತ್ತದೆ ಎಂದು ಅವರಿಗೆ ಯಾರು ಹೇಳಬೇಕು? ಗಮನಿಸಿ, ಪೇಟರ್ ತನ್ನನ್ನು ವ್ಯಾಂಪೈರ್ ಎಂದು ಕರೆದುಕೊಳ್ಳಲಿಲ್ಲ. ಅದು ಬದುಕಿದವರು ಸತ್ತವನ ಮೇಲೆ ಹೊರಿಸಿದ ಅಪವಾದ. ಆ ಕಾಲದ ವ್ಯಾಂಪೈರ್ ಯಾವತ್ತೂ ‘ಅವನು’, ‘ಅವಳು’. ‘ನಾನು’ ಎಂದು ಹೇಳುವ ವ್ಯಾಂಪೈರ್ ತುಂಬಾ ಈಚಿನವನು. 1976ರಲ್ಲಿ ಆನ್ ರೈಸ್ ತಮ್ಮ ಕಾದಂಬರಿಯಲ್ಲಿ ಅವನನ್ನು ಕೂರಿಸಿ, ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು, ಮಾತಾಡಲು ಬಿಟ್ಟರು. ಅವರ ಪುಟ್ಟ ಮಗಳು 1972ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು. ಕಾದಂಬರಿಯಲ್ಲಿ ಯಾವತ್ತೂ ದೊಡ್ಡವಳಾಗದ ಒಂದು ಮಗು ಇದೆ. ಆ ದುಃಖದ ದನಿಗೇ ಲಕ್ಷಾಂತರ ಓದುಗರು ‘ನನ್ನದೂ ಇದೇ’ ಎಂದು ತಲೆದೂಗಿದ್ದು ಅಂತ ನನ್ನ ಅನಿಸಿಕೆ. ನಿಮಗೂ ಹದಿನೈದರಲ್ಲಿ ಆಗಿದ್ದು ಅದೇ ಇರಬೇಕು. ರಕ್ತ ಇಷ್ಟವಾಗಿದ್ದಕ್ಕಿಂತ ಒಂಟಿತನಕ್ಕೆ ಒಂದು ಅಂದವಾದ ಅಂಗಿ ಸಿಕ್ಕಿತು.

ಸಂಗೀತದ ಬಗ್ಗೆ ನೀವು ಬರೆದ ಪುಟ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬೌಹೌಸ್ ಎಂಬ ಇಂಗ್ಲಿಷ್ ಗಾಥ್ ತಂಡದ 1979ರ ಆ ಒಂಬತ್ತು ನಿಮಿಷದ ಹಾಡನ್ನು ನಾನೂ ಕತ್ತಲಲ್ಲಿ ಮಲಗಿ ಕೇಳಿದವನೇ. ಡ್ರಮ್ಮಿನ ಅಂಚಿಗೆ ಕಡ್ಡಿ ತಾಗುವ ಟಿಕ್ ಟಿಕ್, ಮೆಟ್ಟಿಲಿಳಿದಂತೆ ಇಳಿಯುವ ಬೇಸ್ ಗಿಟಾರ್. ಹಾಡುವ ದನಿ ಬರಲು ಎಷ್ಟು ಕಾಯಿಸುತ್ತಾರೆ! ಆದರೆ ಹಾಡು ಯಾರ ಬಗ್ಗೆ? ವ್ಯಾಂಪೈರ್ ಬಗ್ಗೆ ಅಲ್ಲ. 1931ರ ಸಿನಿಮಾದಲ್ಲಿ ಡ್ರಾಕುಲಾ ಪಾತ್ರ ಮಾಡಿದ ಬೇಲಾ ಲುಗೋಸಿ ಎಂಬ ನಟ ಸತ್ತ ಬಗ್ಗೆ. ಆ ಮನುಷ್ಯನಿಗೆ ಆಮೇಲೆ ಆ ಪಾತ್ರದಿಂದ ಹೊರಬರಲು ಆಗಲೇ ಇಲ್ಲ. 1956ರಲ್ಲಿ ತೀರಿಕೊಂಡಾಗ ಡ್ರಾಕುಲಾ ನಿಲುವಂಗಿ ಹೊದಿಸಿಯೇ ಹೂಳಿದರು. ನಾನು ಆ ಹಾಡು ಕೇಳುವಾಗಲೆಲ್ಲ ಆ ನಿಲುವಂಗಿ ನೆನಪಾಗುತ್ತದೆ.

ಇನ್ನು ನಿಮ್ಮಂಥವರು ಬೇರೆ ಇದ್ದಾರಾ? ಇದ್ದಾರೆ. 1989ರಲ್ಲೇ ಅಮೆರಿಕದಲ್ಲಿ ‘ಟೆಂಪಲ್ ಆಫ್ ದ ವ್ಯಾಂಪೈರ್’ ಎಂಬ ಧಾರ್ಮಿಕ ಸಂಸ್ಥೆ ಶುರುವಾಯಿತು. 1991ರಲ್ಲಿ ವ್ಯಾಂಪೈರ್ ಪಾತ್ರ ಹಾಕಿ ಆಡುವ ಒಂದು ಆಟ ಬಂದು, ಆಟದ ಪದಗಳು ನಿಧಾನಕ್ಕೆ ಈ ಜನರ ಮಾತಿಗೂ ನುಗ್ಗಿದವು. 2004ರಲ್ಲಿ ಮಿಷೆಲ್ ಬೆಲಾಂಜರ್ ರಕ್ತದ ಗೊಡವೆಯೇ ಇಲ್ಲದೆ ಶಕ್ತಿ ಪಡೆಯುವ ಅಭ್ಯಾಸದ ಬಗ್ಗೆ ಪುಸ್ತಕ ಬರೆದರು. ರಕ್ತದವರು, ಶಕ್ತಿಯವರು, ಎರಡೂ ಇರುವವರು ಅಂತ ತಮ್ಮೊಳಗೇ ಗುರುತಿಟ್ಟುಕೊಂಡಿದ್ದಾರೆ. ‘ನಾನು ಹೀಗೆ’ ಎಂದು ತಿಳಿಯುವ ಹೊತ್ತಿಗೆ ಎಚ್ಚರಗೊಳ್ಳುವುದು ಎನ್ನುತ್ತಾರೆ. 2015ರಲ್ಲಿ ಅಮೆರಿಕದ ಐಡಹೊ ರಾಜ್ಯದ ಸಂಶೋಧಕ ಡಿ.ಜೆ. ವಿಲಿಯಮ್ಸ್ ಮತ್ತು ಜೊತೆಗಾರರು ಇಂಥ 11 ಜನರನ್ನು ಮಾತಾಡಿಸಿ ಬರೆದರು. ಡಾಕ್ಟರಿಗೋ ಆಪ್ತಸಲಹೆಗಾರರಿಗೋ ಹೇಳಿದರೆ ಹುಚ್ಚರೆಂದೋ ಕೆಟ್ಟವರೆಂದೋ ಮುದ್ರೆ ಬೀಳುತ್ತದೆ ಎಂಬುದೇ ಅವರ ದೊಡ್ಡ ಭಯ. ನಿಮ್ಮ ಮೊದಲ ಪ್ರಶ್ನೆಯೂ ಅದೇ. ಒಂದು ಹೆಸರು ಇಟ್ಟುಕೊಂಡ ಮಾತ್ರಕ್ಕೆ ಯಾರೂ ಹುಚ್ಚರಾಗುವುದಿಲ್ಲ. ನಿದ್ದೆಯೇ ಬರದೆ ದಿನಗಳು ಉರುಳಿದರೆ, ಯಾರಿಗಾದರೂ ನೋವು ಮಾಡು ಎಂದು ದನಿ ಕೇಳಿದರೆ, ನಿಮಗೇ ನೋವು ಮಾಡಿಕೊಳ್ಳಬೇಕು ಅನ್ನಿಸಿದರೆ ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರ ಹತ್ತಿರ ಹೋಗಿ. ದುಡ್ಡು ಕೊಟ್ಟರೆ ಮೇಲಿನ ದರ್ಜೆಗೆ ಏರಿಸುತ್ತೇನೆ ಎನ್ನುವ ಗುರು ಸಿಕ್ಕಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಹಗಲಿನ ಸುಸ್ತಿಗೆ ಒಂದು ರಕ್ತಪರೀಕ್ಷೆ ಮಾಡಿಸಿ. ನಗಬೇಡಿ. ಕಬ್ಬಿಣದ ಅಂಶ ಕಡಿಮೆಯಾದರೆ ಇಷ್ಟೇ ಸುಸ್ತಾಗುತ್ತದೆ. ಬಿಸಿಲಿಗೆ ಕಣ್ಣು ಕುಕ್ಕುವುದು ಮೈಗ್ರೇನ್ ಇರಬಹುದು. ವ್ಯಾಂಪೈರ್‌ಗೂ ಮೈಗ್ರೇನ್ ಬರಬಾರದು ಅಂತೇನಿಲ್ಲವಲ್ಲ.

ಈಗ ಗೆಳತಿಯ ವಿಷಯ. ಪತ್ರದಲ್ಲಿ ನನ್ನನ್ನು ಕಾಡಿದ್ದು ಇದೊಂದೇ. ಅವಳ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಅವಳು ಹೇಗೆ ನಗುತ್ತಾಳೆ, ಅವಳ ಪಕ್ಕ ಕೂತರೆ ನಿಮ್ಮ ಅಂಗೈ ಹೇಗೆ ಬೆಚ್ಚಗಾಗುತ್ತದೆ, ಮನೆಗೆ ಬಂದ ಮೇಲೆ ನೀವು ಹೇಗೆ ಹಾರುತ್ತಿರುತ್ತೀರಿ. ಎಲ್ಲ ಇದೆ. ಅವಳು ಮನೆಗೆ ಹೋದ ಮೇಲೆ ಹೇಗಿರುತ್ತಾಳೆ ಎಂಬ ಒಂದು ಸಾಲು ಇಲ್ಲ. ಅವಳಿಗೆ ಇದು ಗೊತ್ತು ಎಂದೂ ಬರೆದಿಲ್ಲ.

1930ರಲ್ಲಿ ಬ್ರಿಟಿಷ್ ಲೇಖಕಿ ಡಯಾನ್ ಫಾರ್ಚ್ಯೂನ್ ಗುಪ್ತವಿದ್ಯೆಯ ಕಡೆಯಿಂದಲೇ, ಬೇರೆಯವರ ಶಕ್ತಿ ಹೀರುವುದರ ಬಗ್ಗೆ ಬರೆದರು. ಇಪ್ಪತ್ತರ ವಯಸ್ಸಿನಲ್ಲಿ ಮೇಲಧಿಕಾರಿಯೊಬ್ಬರು ಗಂಟೆಗಟ್ಟಲೆ ಎದುರು ನಿಲ್ಲಿಸಿಕೊಂಡು ತಮ್ಮನ್ನು ಹಿಂಡಿ ಹಾಕಿದ್ದೇ ಅವರ ಪುಸ್ತಕದ ಶುರು. ಅವರೂ ಪೊಲಿಡೊರಿ ಕೂತ ಕುರ್ಚಿಯಲ್ಲೇ ಕೂತವರು. ನೀವು ಎದುರಿನ ಕುರ್ಚಿಯಲ್ಲಿ ಕೂತಿದ್ದೇನೆ ಎನ್ನುತ್ತಿದ್ದೀರಿ. ಶಕ್ತಿ ಹರಿಯುತ್ತದೆಯೋ ಇಲ್ಲವೋ ಎಂಬ ವಾದ ನನಗೆ ಬೇಡ, ನಾನು ನಂಬುವವನಲ್ಲ. ಆದರೆ ನೀವು ನಂಬುತ್ತೀರಿ. ನಂಬುವವರು ಕೇಳದೆ ತೆಗೆದುಕೊಂಡರೆ ಅದಕ್ಕೆ ಏನನ್ನಬೇಕು? ಈ ದಾರಿಯ ಒಳ್ಳೆಯ ಜನ ಕೊಡುವವರ ಒಪ್ಪಿಗೆಗೆ ಬಹಳ ಬೆಲೆ ಕೊಡುತ್ತಾರೆ. ಆ ಬಾವಲಿಗಳನ್ನು ನೆನಪಿಸಿಕೊಳ್ಳಿ. ಎರಡು ಮೂರು ರಾತ್ರಿ ಊಟ ಸಿಗದಿದ್ದರೆ ಸಾಯುತ್ತವೆ. ಅದಕ್ಕೇ ಹೊಟ್ಟೆ ತುಂಬಿದ ಬಾವಲಿ ಹಸಿದ ಜೊತೆಗಾರನ ಬಾಯಿಗೆ ತಾನು ಕುಡಿದದ್ದನ್ನು ಕಕ್ಕಿ ಕೊಡುತ್ತದೆ. ಇವತ್ತು ಕೊಟ್ಟ ಬಾವಲಿ ನಾಳೆ ತೆಗೆದುಕೊಳ್ಳುತ್ತದೆ. 1984ರಲ್ಲಿ ವಿಜ್ಞಾನಿ ಜೆರಾಲ್ಡ್ ವಿಲ್ಕಿನ್ಸನ್ ಇದನ್ನು ದಾಖಲಿಸಿದರು.

ಆದ್ದರಿಂದ ಮನೆಯವರಿಗೆ ಹೇಳುವುದು ಆಮೇಲಾಗಲಿ. ಅಪ್ಪ ಅಮ್ಮನಿಗೆ ಮೊದಲು ‘ನನಗೆ ತುಂಬಾ ಸುಸ್ತಾಗುತ್ತದೆ, ಜನರ ನಡುವೆ ಇರಲು ಕಷ್ಟ’ ಎಂದರೆ ಸಾಕು. ಅದೂ ನಿಜವೇ. ಗೆಳತಿಗೆ ಮಾತ್ರ ಪೂರ್ತಿ ಹೇಳಿ. ಕನ್ನಡಿ, ಮೇಣದಬತ್ತಿ, ಅಂಗೈ ಬೆಚ್ಚಗಾಗುವುದು, ಎಲ್ಲ. ಹೇಳಿ ಮುಗಿಸಿ, ‘ನಾನು ಹೋದ ಮೇಲೆ ನಿನಗೆ ಹೇಗನ್ನಿಸುತ್ತದೆ?’ ಎಂದು ಕೇಳಿ. ಅವಳು ನಗಬಹುದು. ಎದ್ದು ಹೋಗಬಹುದು. ‘ನಿನ್ನ ಜೊತೆ ಕೂತರೆ ನನಗೂ ಹಾಗೇ ಆಗುತ್ತದೆ ಕಣೇ’ ಎಂದರೂ ಎನ್ನಬಹುದು. ಆಗ ಯಾರು ಯಾರನ್ನು ಹೀರುತ್ತಿದ್ದಾರೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿ.

ಅವಳೇನು ಹೇಳಿದಳು ಎಂದು ಒಂದು ಸಾಲು ಬರೆಯಿರಿ. ಅವಳೇ ಬರೆದರೆ ಇನ್ನೂ ಸಂತೋಷ. ಆರು ಪುಟ ಬೇಡ, ಒಂದು ಕಾರ್ಡು ಸಾಕು.

ನಿಮ್ಮ,
ಸಂಪಾದಕ