ಗುಂಡಿ ಒತ್ತಿದರೆ ಕಛೇರಿಯಾಗುತ್ತದೆಯೇ?

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಚರಣಜಿತ್ ಸಿಂಗ್ ಎಂಬುವರ ಬಗ್ಗೆ ಎರಡು ಪುಟ ಹಾಕಿದ್ದೀರಿ. ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆ ಹತ್ತಿ ಡಿಸ್ಕೋ ತಾಳಕ್ಕೆ ರಾಗ ನುಡಿಸಿದರಂತೆ. ಗುಂಡಿ ಒತ್ತುವುದೂ ಕಛೇರಿಯೇ? ಕಿರಾಣಾ ಘರಾಣೆಯಂಥ ಹಿಂದುಸ್ತಾನಿ ಗಾಯನ ಪರಂಪರೆಯ ನಾಡಿನ ಪತ್ರಿಕೆಗೆ ಇದು ಬೇಕಿತ್ತೇ?’
– ನಿವೃತ್ತ ಸಂಗೀತ ಶಿಕ್ಷಕರು, ಗದಗ

ಸಂಪಾದಕರ ಉತ್ತರ:

ಮಾಸ್ತರರೇ, ಸಿಟ್ಟಿನಲ್ಲೇ ಬರೆದಿದ್ದೀರಿ. ಸಂತೋಷ. ಪೂರ್ತಿ ಓದಿದವರಿಗೆ ತಾನೇ ಸಿಟ್ಟು ಬರೋದು?

ಮೊದಲು ಗುಂಡಿಯ ಮಾತು. ಸಿಂಗ್ ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ಮಂದ್ರ ಸ್ವರದ ಬೇಸ್ ಗಿಟಾರ್ ನುಡಿಸುತ್ತಿದ್ದವರು. 1982ರಲ್ಲಿ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ರೆಕಾರ್ಡ್ ತಂದರು. ಅದರಲ್ಲಿರುವುದು ಜಪಾನಿನ ರೋಲ್ಯಾಂಡ್ ಕಂಪನಿಯ ಯಂತ್ರಗಳು. ತಾಳಕ್ಕೆ ಟಿಆರ್-808, ಬೇಸಿಗೆ ಟಿಬಿ-303. ಇವೆರಡೂ ಮೊದಲೇ ಹೇಳಿಕೊಟ್ಟದ್ದನ್ನು ಸುತ್ತಿ ಸುತ್ತಿ ನುಡಿಸುತ್ತವೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ರಾಗ ಹೊರಡುವುದು ಜುಪಿಟರ್-8 ಎಂಬ ಕೀಬೋರ್ಡಿನಿಂದ, ಬೆರಳಿನಿಂದಲೇ. ಇನ್ನು ಆ 303 ಒಂದು ಸ್ವರದಿಂದ ಇನ್ನೊಂದಕ್ಕೆ ತುಂಡಾಗದೆ ಜಾರಬಲ್ಲದು. ನಮ್ಮ ಹಾರ್ಮೋನಿಯಂಗೆ ಆಗದ ಕೆಲಸ ಅದು! ನಮ್ಮ ಗಾಯಕರು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅಂತ ಹೇಳಲಾರೆ, ಅದರ ದೂರದ ನೆಂಟ ಅನ್ನಬಹುದು. ಬೇಸ್ ವಾದಕ ಇಲ್ಲದಿದ್ದಾಗ ಗಿಟಾರಿನವರಿಗೆ ಜೊತೆಯಾಗಲಿ ಎಂದು ಮಾಡಿದ ಯಂತ್ರವದು. ಅದರಿಂದ ಹೊಸದೇನೋ ತೆಗೆದವರು ಒಬ್ಬ ಬೇಸ್ ವಾದಕರೇ ಎಂಬುದು ನನಗೆ ಬಲು ಇಷ್ಟ.

ರೆಕಾರ್ಡ್ ಆಗ ಮಾರಾಟವಾಗಲಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಗ್ರಾಹಕರೊಬ್ಬರು ಮತ್ತೆ ಹೊರತಂದಾಗ ಜಗತ್ತು ಕಿವಿ ನಿಮಿರಿಸಿತು. 1987ರಲ್ಲಿ ಶಿಕಾಗೋದಿಂದ ಬಂದ ಆಸಿಡ್ ಹೌಸ್ ಎಂಬ ಯಂತ್ರದ ಕುಣಿತ ಸಂಗೀತ ಹೆಚ್ಚುಕಡಿಮೆ ಹೀಗೇ ಕೇಳುತ್ತದೆ. ಅದಕ್ಕೇ ಕೆಲವರು ಇವರನ್ನು ಅದರ ಜನಕ ಎನ್ನುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯಿತು. ಮೊದಲಿಗರು ಹೌದು, ಜನಕರಲ್ಲ. ಆಮೇಲೆ ಕಛೇರಿಗೆ ಕರೆ ಬಂತು, ಹೋಗಿ ನುಡಿಸಿದರು. 2015ರಲ್ಲಿ ತೀರಿಕೊಂಡರು. ವಯಸ್ಸಿನ ಮಾತು ಬಿಡಿ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 2006ರಲ್ಲೂ ಹಾಡಿದರು, ತೊಂಬತ್ತು ದಾಟಿತ್ತು.

ಇನ್ನು ಕಿರಾಣಾ ವಿಷಯ. ನಿಮ್ಮ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರು ಹುಡುಕಿಕೊಂಡು ಮನೆ ಬಿಟ್ಟದ್ದು ಏನು ಕೇಳಿ? ಗ್ರಾಮಫೋನಿನಲ್ಲಿ ಕಿರಾಣಾದ ದೊಡ್ಡ ಗಾಯಕ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ. ಕೆಲವೇ ನಿಮಿಷದ ಹಾಡು, ಅದೂ ಯಂತ್ರದ್ದು. ಆಗಲೂ ‘ಇದೆಂಥಾ ಸಂಗೀತ’ ಅಂದವರು ಇದ್ದೇ ಇರುತ್ತಾರೆ, ಅಲ್ವಾ?

ಒಂದು ಕಡೆ ಮಾತ್ರ ನಾನು ನಿಮ್ಮ ಪಕ್ಷ. 808 ಯಾರ ಮಾತೂ ಕೇಳುವುದಿಲ್ಲ. ಗಾಯಕರು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವಾಗ ಕೊಂಚ ತಡೆದರೆ ತಬಲಾದವರಿಗೆ ಗೊತ್ತಾಗುತ್ತದೆ, ಕಣ್ಣಲ್ಲೇ ನಗುತ್ತಾರೆ. ಯಂತ್ರ ತನ್ನ ಪಾಡಿಗೆ ಬಡಿಯುತ್ತದೆ. ನಿಧಾನ ಗತಿಯ ವಿಲಂಬಿತವೂ ಇಲ್ಲ, ರಾಗ ಹಿಗ್ಗಲು ಜಾಗವೂ ಇಲ್ಲ. ಲಲಿತ, ತೋಡಿಯಂಥ ರಾಗಗಳಿಗೆ ಈ ಓಟ ಒಗ್ಗಲಿಲ್ಲ ಎಂದೇ ನನ್ನ ಅನಿಸಿಕೆ. ಮಾಲಕಂಸ, ಕಲಾವತಿ ಮಾತ್ರ ಚೆನ್ನಾಗಿ ಕೂತಿವೆ. ಐದೇ ಸ್ವರದ ರಾಗಗಳು, ಸುತ್ತು ಹೊಡೆಯಲು ಸಲೀಸು.

ಆ ಎರಡನ್ನು ಕೇಳಿ, ಇನ್ನೊಂದು ಪತ್ರ ಬರೆಯಿರಿ. ಬೈದಿದ್ದರೂ ಅಚ್ಚು ಹಾಕುತ್ತೇವೆ.

– ಸಂಪಾದಕ